ಚೀನದ ಚಿತ್ರಪಟದಲ್ಲಿ ನಮ್ಮ ಮದ್ದು

ಚೀನದ ಚಿತ್ರಪಟ ಎಂದೊಡನೆ ನವಲಗುಂದದ ಸಂತೆಯಲ್ಲಾಗಲಿ, ಕುಂದಗೋಳದ ಚಹದಂಗಡಿಯಲ್ಲಾಗಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಹೊಡೆದಾಟ. ಬ್ರೂಸ್ ಲೀ, ಜಾಕಿ ಚಾನ್ ಇವರ ಹೆಸರು ನಮ್ಮ ಹಳ್ಳಿಯ ಹುಡುಗರಿಗೂ ಬಾಯಿಪಾಠ. ಆ ಚಿತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷರ ವಸಾಹತಾಗಿದ್ದ ಹಾಂಗ್‌ಕಾಂಗಿನಲ್ಲಿ ತಯಾರಾದವು. ಚೀನದ ಒಳನಾಡಿನ ಜನ ಇಂದು ಹಣ ಕೊಟ್ಟು, ಸಾಲು ನಿಂತು ನೋಡುವ ಚಿತ್ರಗಳು ಯಾವುವು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. 2020ರಲ್ಲಿ ಟಿಕೀಟು ಮಾರಾಟದಲ್ಲಿ ಚೀನವು ಅಮೇರಿಕವನ್ನೂ ಹಿಂದೆ ಹಾಕಿತು. 2025ರಲ್ಲಿ ‘ನೆ ಝಾ’ ಎಂಬ ಪುರಾಣಬಾಲಕನ ಕಥೆಯ ಎರಡನೆಯ ಭಾಗ 1500 ಕೋಟಿ ಯುವಾನಿಗೂ ಮೇಲೆ ಗಳಿಸಿತು. ಇಷ್ಟು ದೊಡ್ಡ ಪೇಟೆಯಲ್ಲಿ ಏನು ಮಾರಾಟವಾಗುತ್ತಿದೆ ಎಂಬುದನ್ನು ನೆರೆಯವರಾದ ನಾವು ವಿಚಾರಿಸದೆ ಇರುವುದು ಸರಿಯಲ್ಲ.

ಇಲ್ಲಿ ನಾವು ಹೇಳಹೊರಟಿರುವುದು ಒಂದೇ ಒಂದು ಚಿತ್ರದ ಮಾತು. ಅದರಲ್ಲಿ ಹಾರಿ ಒದೆಯುವ ಶೂರರಿಲ್ಲ. ಬಾಡಿಗೆ ಕಟ್ಟಲಾರದ ಒಬ್ಬ ಸಣ್ಣ ಅಂಗಡಿಕಾರ ಅದರ ನಾಯಕ. ಒಂದು ಗುಳಿಗೆಯ ಬೆಲೆ ಅದರ ಕಥೆ. ಆ ಗುಳಿಗೆ ತಯಾರಾಗುವುದು ನಮ್ಮ ದೇಶದಲ್ಲಿ. ಗಿರಣಿಯಲ್ಲಿ ದುಡಿಯುವವರೂ, ಉದ್ರಿ ಖಾತೆಯ ವಹಿ ಹಿಡಿದು ಕುಳಿತ ಕಿರಾಣಿಯವರೂ ಇದನ್ನು ತಿಳಿಯಲೇಬೇಕೆಂದು ನಮಗೆ ಅನ್ನಿಸಿತು.

2018ರ ಜುಲೈ 5ರಂದು ಚೀನದಲ್ಲಿ ತೆರೆ ಕಂಡ ಈ ಚಿತ್ರದ ಚೀನೀ ಹೆಸರಿನ ಅರ್ಥ ‘ನಾನು ಮದ್ದಿನ ದೇವರಲ್ಲ’ ಎಂದು. ಹೊರದೇಶಗಳಲ್ಲಿ ಇದನ್ನು ‘ಡೈಯಿಂಗ್ ಟು ಸರ್ವೈವ್’ ಎಂದು ಕರೆದರು. ವೆನ್ ಮುಯೆ ಇದರ ನಿರ್ದೇಶಕ, ಶು ಝೆಂಗ್ ನಾಯಕನಟ. ಸುಮಾರು 310 ಕೋಟಿ ಯುವಾನು ಗಳಿಸಿದ ಚಿತ್ರ ಇದು. ನಾಲ್ಕು ಜನ ಪಂಡಿತರು ಕುಳಿತು ನೋಡಿ ತಲೆದೂಗುವ ಚಿತ್ರವೆಂದು ಯಾರೂ ತಿಳಿಯಬಾರದು. ಹಾಸ್ಯವಿದೆ, ಕುಣಿತವಿದೆ, ಪೋಲೀಸರ ಬೆನ್ನಟ್ಟುವಿಕೆ ಇದೆ, ಕಣ್ಣೀರಿದೆ. ಪೇಟೆಗಾಗಿಯೇ ಮಾಡಿದ ಚಿತ್ರ.

ಶಾಂಘೈ ನಗರದ ಒಂದು ಗಲ್ಲಿಯಲ್ಲಿ ಚೆಂಗ್ ಯೋಂಗ್ ಎಂಬವನು ಹಿಂದುಸ್ಥಾನದಿಂದ ತಂದ ಗಂಡಸರ ತೈಲ ಮಾರಿಕೊಂಡಿದ್ದಾನೆ. ಗಿರಾಕಿ ಇಲ್ಲ. ತಂದೆ ಹಾಸಿಗೆ ಹಿಡಿದಿದ್ದಾನೆ. ಬಿಟ್ಟುಹೋದ ಹೆಂಡತಿ ಮಗನನ್ನು ಪರದೇಶಕ್ಕೆ ಕರೆದೊಯ್ಯುವೆನೆನ್ನುತ್ತಾಳೆ. ಒಂದು ದಿನ ಮುಖಕ್ಕೆ ಒಂದರ ಮೇಲೊಂದು ಮುಸುಕು ಹಾಕಿಕೊಂಡ ರೋಗಿಯೊಬ್ಬ ಅಂಗಡಿಗೆ ಬರುತ್ತಾನೆ. ಅವನಿಗೆ ರಕ್ತದ ಕ್ಯಾನ್ಸರ್. ಸ್ವಿಸ್ ಕಂಪನಿಯ ಮದ್ದಿನ ಒಂದು ಡಬ್ಬಿಗೆ ಸುಮಾರು 40 ಸಾವಿರ ಯುವಾನು, ಅಂದಿನ ನಮ್ಮ ಲೆಕ್ಕದಲ್ಲಿ ಸುಮಾರು 4 ಲಕ್ಷ ರೂಪಾಯಿ. ಅದೇ ಗುಣದ ಮದ್ದು ಹಿಂದುಸ್ಥಾನದಲ್ಲಿ ಅದರ ಅಲ್ಪಭಾಗದ ಬೆಲೆಗೆ ಸಿಗುತ್ತದೆ, ತಂದುಕೊಡು ಎಂದು ಬೇಡುತ್ತಾನೆ. ದುಡ್ಡಿನ ಆಸೆಯಿಂದ ಚೆಂಗ್ ಯೋಂಗ್ ಒಪ್ಪುತ್ತಾನೆ, ಕದ್ದು ತರುತ್ತಾನೆ, 5 ಸಾವಿರಕ್ಕೆ ಮಾರುತ್ತಾನೆ, ಶ್ರೀಮಂತನಾಗುತ್ತಾನೆ. ಸೆರೆಮನೆಯ ಭಯ ಬಂದಾಗ ಧಂದೆ ಬಿಟ್ಟು ಬಟ್ಟೆಯ ಕಾರಖಾನೆ ಹಾಕಿ ಮರ್ಯಾದಸ್ಥನಾಗುತ್ತಾನೆ. ಮದ್ದು ನಿಂತುಹೋದ ಮೇಲೆ, ಮೊದಲು ಬಂದು ಬೇಡಿದ ಆ ರೋಗಿ ಸತ್ತ ಸುದ್ದಿ ಬರುತ್ತದೆ. ಅಂಗಡಿಕಾರ ಮತ್ತೆ ಹಿಂದುಸ್ಥಾನಕ್ಕೆ ಹೊರಡುತ್ತಾನೆ. ಈ ಸಲ 500 ಯುವಾನಿಗೆ, ತನ್ನ ಗಂಟಿನಿಂದ ನಷ್ಟ ತುಂಬುತ್ತ ಹಂಚುತ್ತಾನೆ. ಕೊನೆಗೆ ಸಿಕ್ಕಿಬೀಳುತ್ತಾನೆ. ಅವನನ್ನು ಸೆರೆಮನೆಗೆ ಒಯ್ಯುವ ಗಾಡಿಯ ಇಕ್ಕೆಲಗಳಲ್ಲಿ ರೋಗಿಗಳು ಸಾಲಾಗಿ ನಿಂತು ಮುಖದ ಮುಸುಕು ತೆಗೆಯುತ್ತಾರೆ.

ಚಿತ್ರದ ನಡುವೆ ಒಂದು ಸಂದರ್ಭವಿದೆ. ಹಿಡಿದು ತಂದ ರೋಗಿಗಳನ್ನು ಪೋಲೀಸರು ವಿಚಾರಿಸುವಾಗ ಒಬ್ಬ ಮುದುಕಿ ಅಧಿಕಾರಿಯ ಕೈ ಹಿಡಿದು, ಮದ್ದಿಗಾಗಿ ಮನೆ ಹೋಯಿತು, ಮನೆಯವರೂ ಬರಿದಾದರು, ನಿನ್ನ ಮನೆಯಲ್ಲಿ ಯಾರಿಗೂ ಕಾಯಿಲೆ ಬರುವುದೇ ಇಲ್ಲವೇ ಎಂಬರ್ಥದ ಮಾತು ಕೇಳುತ್ತಾಳೆ. ಅಧಿಕಾರಿಗೆ ಉತ್ತರ ಹೊಳೆಯುವುದಿಲ್ಲ. ನಾವು ಉಪಶೀರ್ಷಿಕೆಗಳ ನೆರವಿನಿಂದ ಈ ಚಿತ್ರ ನೋಡಿದೆವು. ಆ ಮುದುಕಿಯ ಮಾತಿಗೆ ಮಾತ್ರ ಉಪಶೀರ್ಷಿಕೆಯ ಅಗತ್ಯ ಕಾಣಲಿಲ್ಲ. ಅಂಥ ಮುದುಕಿಯರು ನಮ್ಮ ಕಲಘಟಗಿಯಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ, ಮಡಿಲಲ್ಲಿ ಚೀಟಿ ಕಟ್ಟಿಕೊಂಡು ದಿನವೂ ಕುಳಿತಿರುತ್ತಾರೆ.

ಇದು ಬರಿಯ ಕಟ್ಟುಕಥೆಯೂ ಅಲ್ಲ. ಲು ಯೋಂಗ್ ಎಂಬವನು ವೂಷಿ ಎಂಬ ಊರಿನ ವ್ಯಾಪಾರಿ, ಬಟ್ಟೆಯ ಮಾಲು ಪರದೇಶಕ್ಕೆ ಕಳಿಸುತ್ತಿದ್ದವನು. 2002ರಲ್ಲಿ ಅವನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಸ್ವಿಸ್ ಕಂಪನಿಯ ಗ್ಲಿವೆಕ್ ಗುಳಿಗೆಗೆ ತಿಂಗಳಿಗೆ ಸುಮಾರು 23,500 ಯುವಾನು ತೆರುತ್ತ ಬಂದ. 2004ರಲ್ಲಿ ಹಿಂದುಸ್ಥಾನದ ಗುಳಿಗೆಯ ಸುದ್ದಿ ತಿಳಿದು ತರಿಸಿಕೊಂಡ, ಗುಣ ಕಂಡಿತು, ಉಳಿದ ರೋಗಿಗಳಿಗೂ ದಾರಿ ತೋರಿಸಿದ. ಹೊರಗಿನಿಂದ ಅಪ್ಪಣೆ ಇಲ್ಲದೆ ತಂದ ಮದ್ದು, ಅದು ಎಷ್ಟೇ ಒಳ್ಳೆಯದಿದ್ದರೂ, ಅಂದಿನ ಚೀನದ ಕಾಯಿದೆಯಲ್ಲಿ ಖೋಟಾ ಮದ್ದು. 2013ರಲ್ಲಿ ಅವನನ್ನು ಹಿಡಿದರು, 2014ರಲ್ಲಿ ಖಟ್ಲೆ ಹೂಡಿದರು. ನೂರಾರು ರೋಗಿಗಳು ಸಹಿ ಮಾಡಿ ಅವನನ್ನು ಬಿಡಬೇಕೆಂದು ಕೇಳಿದರು. 2015ರ ಜನವರಿಯಲ್ಲಿ ಸರಕಾರವೇ ಖಟ್ಲೆ ಹಿಂದಕ್ಕೆ ಪಡೆಯಿತು. ಚಿತ್ರದ ಅಂಗಡಿಕಾರನಂತೆ ತಾನು ಲಾಭ ಹೊಡೆದವನಲ್ಲವೆಂದು ಲು ಯೋಂಗ್ ಆಮೇಲೆ ಬಹಿರಂಗವಾಗಿ ಹೇಳಿದ. ಅದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಚಿತ್ರ ಬಂದ ಮೇಲೆ ಏನಾಯಿತು? ಅದೇ ಜುಲೈ ತಿಂಗಳಲ್ಲಿ ಚೀನದ ಪ್ರಧಾನಿ ಲಿ ಕೆಛಿಯಾಂಗ್ ಅವರು ಈ ಚಿತ್ರದ ಮಾತೆತ್ತಿ, ಕ್ಯಾನ್ಸರ್ ಮದ್ದಿನ ಬೆಲೆ ಇಳಿಸುವ ಕೆಲಸ ಬೇಗ ಮಾಡಿರೆಂದು ಅಧಿಕಾರಿಗಳಿಗೆ ಹೇಳಿದರು. 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಕಾಯಿದೆಯಲ್ಲಿ, ಬೇರೆ ದೇಶದಲ್ಲಿ ಒಪ್ಪಿತವಾದ ಮದ್ದನ್ನು ಅಪ್ಪಣೆ ಇಲ್ಲದೆ ತಂದ ಮಾತ್ರಕ್ಕೆ ಅದನ್ನು ಖೋಟಾ ಎನ್ನುವ ಪದ್ಧತಿ ಹೋಯಿತು. ಒಂದು ಚಿತ್ರದಿಂದಲೇ ಇದೆಲ್ಲ ಆಯಿತೆಂದು ನಾವು ಹೇಳುವುದಿಲ್ಲ. ಕ್ಯಾನ್ಸರ್ ಮದ್ದಿನ ಮೇಲಿನ ಆಮದು ಸುಂಕ ಚಿತ್ರಕ್ಕೆ ಮೊದಲೇ, 2018ರ ಮೇ 1ರಂದೇ ಹೋಗಿತ್ತು. ಆದರೂ ಕೋಟ್ಯಂತರ ಜನ ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಟಾಕೀಸಿನಿಂದ ಹೊರಬಿದ್ದರೆ ಅಧಿಕಾರದಲ್ಲಿದ್ದವರ ಕಿವಿಗೆ ಅದು ತಾಗದೆ ಇರದು.

ಇಲ್ಲಿ ಕೆಲವು ವಾಚಕರು ಹುಬ್ಬು ಗಂಟಿಕ್ಕುವರೆಂದು ನಾವು ಬಲ್ಲೆವು. ‘1962ರಲ್ಲಿ ನಮ್ಮ ಮೇಲೆ ಏರಿ ಬಂದವರು, 2020ರಲ್ಲಿ ಗಾಲ್ವಾನಿನಲ್ಲಿ ನಮ್ಮ 20 ಜವಾನರ ಪ್ರಾಣ ಹೋಗಲು ಕಾರಣರಾದವರು, ಅವರ ಚಿತ್ರವನ್ನು ಹೊಗಳುವಿರಾ?’ ಎಂದು ಕೇಳುವರು. ಟಿಬೇಟಿನ ಮೇಲೆ ಚೀನ 1950ರಲ್ಲಿ ಕೈ ಮಾಡಿದಾಗಲೇ ಅದನ್ನು ಖಂಡಿಸಿದವರು ಡಾ. ರಾಮಮನೋಹರ ಲೋಹಿಯಾ. ಆ ಪರಂಪರೆಯ ನಮಗೆ ಚೀನದ ಸರಕಾರದ ಬಗ್ಗೆ ಭ್ರಮೆ ಇಲ್ಲ. ಅಲ್ಲಿ ಸರಕಾರದ ಮುದ್ರೆ ಬೀಳದೆ ಒಂದು ಚಿತ್ರವೂ ಟಾಕೀಸು ಸೇರದು. ಈ ಚಿತ್ರದ ಕೊನೆಗೂ ಸರಕಾರ ಎಲ್ಲವನ್ನೂ ಸರಿಪಡಿಸಿತೆಂಬ ಬರಹ ಅಂಟಿಸಿದ್ದಾರೆ. ಬಂದೂಕು ಮತ್ತು ಬಾವುಟದ ಚಿತ್ರಗಳಿಗೂ ಅಲ್ಲಿ ಕೊರತೆ ಇಲ್ಲ. 2017ರ ‘ವುಲ್ಫ್ ವಾರಿಯರ್’ ಎರಡನೆಯ ಭಾಗ ಸುಮಾರು 568 ಕೋಟಿ ಯುವಾನು ಬಾಚಿತು. ಕೊರಿಯಾ ಯುದ್ಧದ ಬಗೆಗಿನ 2021ರ ‘ಚಾಂಗ್‌ಜಿನ್ ಸರೋವರದ ಕಾಳಗ’ 577 ಕೋಟಿ ದಾಟಿತು. ಆ ಚಿತ್ರ ಕೀರ್ತಿಸಿದ ಸೈನಿಕರ ಬಗ್ಗೆ ಕುಚೋದ್ಯದ ಮಾತು ಬರೆದುದಕ್ಕಾಗಿ ಒಬ್ಬ ಹಳೆಯ ಪತ್ರಕರ್ತನಿಗೆ 2022ರಲ್ಲಿ 7 ತಿಂಗಳ ಸೆರೆವಾಸವಾಯಿತು. ಪತ್ರಿಕೆ ನಡೆಸುವ ನಾವು ಇದನ್ನು ಮರೆಯುವಂತಿಲ್ಲ.

ಅಂಥ ಬಿಗಿಯಲ್ಲೂ, ಮುದ್ರೆಯ ಕೆಳಗೂ, ಮದ್ದಿನ ಬೆಲೆಯ ಪ್ರಶ್ನೆ ಎತ್ತಿದ ಒಂದು ಚಿತ್ರ ಬಂದಿತು, ಜನ ಅದನ್ನು ತಮ್ಮದೆಂದು ಅಪ್ಪಿಕೊಂಡರು. ಚೀನದ ಸರಕಾರ ಬೇರೆ, ಚೀನದ ರೋಗಿ ಬೇರೆ. ಆ ರೋಗಿಯ ಸಂಕಟ ನಮ್ಮದೇ.

ಈ ನಂಟು ಹೊಸದೂ ಅಲ್ಲ. ಅಣ್ಣಿಗೇರಿಯಿಂದ ರೈಲಿನಲ್ಲಿ ಗದಗಕ್ಕೆ ಹೋಗಿ, ಅಲ್ಲಿಂದ ಬಾಗಲಕೋಟೆ, ವಿಜಯಪುರದ ದಾರಿ ಹಿಡಿದರೆ ಸೊಲ್ಲಾಪುರ ಸಿಗುತ್ತದೆ. ಗಿರಣಿಗಳ ಊರು, ಕನ್ನಡ ಮಾತಾಡುವ ಜನ ಬಹಳ ಇರುವ ಊರು. ಅಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು, ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ಐವರು ವೈದ್ಯರ ತಂಡದಲ್ಲಿ ಹೋದರು. ಗಾಯಾಳುಗಳ ಸೇವೆ ಮಾಡುತ್ತ 1942ರ ಡಿಸೆಂಬರ್ 9ರಂದು, 32ರ ಹರೆಯದಲ್ಲಿ ಅಲ್ಲಿಯೇ ಮಡಿದರು. ಅವರ ಬಾಳಿನ ಮೇಲೆ ವಿ. ಶಾಂತಾರಾಮರು 1946ರಲ್ಲಿ ಹಿಂದಿ ಚಿತ್ರ ಮಾಡಿದರು. ಚೀನದವರು 1982ರಲ್ಲಿ ತಮ್ಮ ಭಾಷೆಯಲ್ಲಿ ಮಾಡಿದರು. ಅಂದು ನಮ್ಮ ಸೀಮೆಯ ಕಡೆಯಿಂದ ವೈದ್ಯನು ಹೋದ. ಇಂದು ನಮ್ಮ ದೇಶದಿಂದ ಗುಳಿಗೆ ಹೋಗುತ್ತದೆ.

ಆ ಗುಳಿಗೆ ನಮ್ಮಲ್ಲಿ ಅಗ್ಗವಾದದ್ದು ಹೇಗೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಹೇಳುವ ಹೊಣೆ ನಮ್ಮದು. ಅದು ಯಾವ ಕಾರಖಾನೆದಾರನ ದಾನಬುದ್ಧಿಯೂ ಅಲ್ಲ, ಒಂದು ಕಾಯಿದೆಯ ಫಲ. ಇಂಗ್ಲಿಷರು ಬಿಟ್ಟುಹೋದ ಪೇಟೆಂಟ್ ಕಾಯಿದೆಯಿಂದಾಗಿ ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ನಮ್ಮ ಮದ್ದಿನ ಪೇಟೆ ಪರದೇಶೀ ಕಂಪನಿಗಳ ಕೈಯಲ್ಲಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ವರದಿ ಕೊಟ್ಟರು. ಅದರ ಆಧಾರದ ಮೇಲೆ 1970ರಲ್ಲಿ ಹೊಸ ಕಾಯಿದೆ ಬಂತು, 1972ರಲ್ಲಿ ಜಾರಿಯಾಯಿತು. ಮದ್ದಿನ ಮೇಲೆಯೇ ಯಾರೂ ಒಡೆತನ ಸಾಧಿಸುವಂತಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು, ಅದೂ ಹೆಚ್ಚೆಂದರೆ 7 ವರ್ಷ ಎಂದು ಆ ಕಾಯಿದೆ ಹೇಳಿತು. ಅದೇ ಮದ್ದನ್ನು ಬೇರೆ ವಿಧಾನದಿಂದ ಮಾಡಬಲ್ಲವನಿಗೆ ದಾರಿ ತೆರೆಯಿತು. ಹತ್ತು ಜನ ಮಾಡಿದರೆ ಬೆಲೆ ತಾನೇ ಇಳಿಯುತ್ತದೆ. ಇದು ಸಂತೆಯಲ್ಲಿ ಕುಳಿತ ವ್ಯಾಪಾರಿಗೆ ನಾವು ಕಲಿಸಬೇಕಾದ ಪಾಠವಲ್ಲ.

1995ರಲ್ಲಿ ಜಾಗತಿಕ ವ್ಯಾಪಾರ ಸಂಸ್ಥೆಯ ಒಪ್ಪಂದ ಬಂತು. ಅದರ ಒತ್ತಾಯದಿಂದ 2005ರಲ್ಲಿ ಮದ್ದಿನ ಮೇಲೆಯೇ 20 ವರ್ಷದ ಹಕ್ಕು ಮತ್ತೆ ಕಾಲಿಟ್ಟಿತು. ಆಗ ಎಡಪಕ್ಷಗಳು ಪಾರ್ಲಿಮೆಂಟಿನಲ್ಲಿ ಪಟ್ಟು ಹಿಡಿದುದರಿಂದ 3ನೆಯ ಕಲಮಿನ ‘ಡಿ’ ಉಪಕಲಮಿಗೆ ಬಲ ಬಂತು. ಹಳೆಯ ಮದ್ದಿಗೆ ಸಣ್ಣ ಬದಲಾವಣೆ ಮಾಡಿ, ರೋಗಿಗೆ ಹೆಚ್ಚಿನ ಗುಣವಾಗುವುದೆಂದು ತೋರಿಸದೆ, ಹೊಸ ಹಕ್ಕು ಕೇಳುವಂತಿಲ್ಲ ಎಂಬುದು ಅದರ ಸಾರ. ಸ್ವಿಸ್ ಕಂಪನಿ ನೋವಾರ್ಟಿಸ್ ಇದೇ ಗ್ಲಿವೆಕ್ ಗುಳಿಗೆಗೆ ಹಕ್ಕು ಬೇಕೆಂದು ಸುಪ್ರೀಂ ಕೋರ್ಟಿನ ತನಕ ಬಡಿದಾಡಿತು. ಅದರ ಗುಳಿಗೆಗೆ ಇಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ, ನಮ್ಮ ಕಾರಖಾನೆಗಳದಕ್ಕೆ ಸುಮಾರು 8ರಿಂದ 10 ಸಾವಿರ. 2013ರ ಏಪ್ರಿಲ್ 1ರಂದು ಕೋರ್ಟು ಕಂಪನಿಯ ಅಪೀಲನ್ನು ತಳ್ಳಿಹಾಕಿತು. ಲು ಯೋಂಗನನ್ನು ಚೀನದಲ್ಲಿ ಹಿಡಿದದ್ದೂ ಅದೇ 2013ರಲ್ಲಿ. ಒಂದೇ ಗುಳಿಗೆ, ಒಂದೇ ವರ್ಷ. ಇಲ್ಲಿ ಅದು ಕಾಯಿದೆಬದ್ಧ, ಅಲ್ಲಿ ಅದು ಅಪರಾಧ.

ಸಂಶೋಧನೆಗೆ ದುಡ್ಡು ಬೇಡವೇ ಎಂದು ಕಂಪನಿಗಳ ವಕೀಲರು ಕೇಳುತ್ತಾರೆ. ಬೇಕು. ಆದರೆ ಈ ಗುಳಿಗೆಯ ಹಿಂದೆ ಕಂಪನಿಯ ಜೊತೆಗೆ ಅಮೇರಿಕದ ಒರೆಗಾನಿನ ಡಾ. ಬ್ರಯನ್ ಡ್ರುಕರ್ ಅವರಂಥ ವಿಶ್ವವಿದ್ಯಾಲಯದ ವೈದ್ಯರ ದುಡಿಮೆ ಇದೆ. 2013ರಲ್ಲಿ ಅವರೂ ಸೇರಿ ಈ ರೋಗದ ನೂರಕ್ಕೂ ಹೆಚ್ಚು ತಜ್ಞರು, ಈ ಮದ್ದುಗಳ ಬೆಲೆ ಮಿತಿಮೀರಿದೆಯೆಂದು ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ಮದ್ದು ಕಂಡುಹಿಡಿದವರೇ ಬೆಲೆ ಹೆಚ್ಚಾಯಿತೆಂದರೆ ಇನ್ನು ಯಾರ ಸಾಕ್ಷಿ ಬೇಕು?

ಈಗ ನಮ್ಮ ಮನೆಯ ಸ್ಥಿತಿ ನೋಡೋಣ. 2012ರ ಮಾರ್ಚಿಯಲ್ಲಿ ಕೇಂದ್ರದ ಪೇಟೆಂಟ್ ಅಧಿಕಾರಿ ಒಂದು ಕ್ಯಾನ್ಸರ್ ಮದ್ದಿಗೆ ಕಡ್ಡಾಯ ಪರವಾನಗಿ ಕೊಟ್ಟರು. ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರವಿದ್ದ ಬೆಲೆ 8,800ಕ್ಕೆ ಇಳಿಯಿತು. ಆ ಅಸ್ತ್ರವನ್ನು ಮುಂದೆ ಬತ್ತಳಿಕೆಯಲ್ಲಿಯೇ ಇಟ್ಟರು. ಹಕ್ಕು ಪಡೆದ ಕಂಪನಿ ತನ್ನ ಮದ್ದನ್ನು ಈ ದೇಶದ ಜನಕ್ಕೆ ಎಷ್ಟು ಒದಗಿಸಿತೆಂದು ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕಾಗಿತ್ತು. 2024ರ ಮಾರ್ಚಿಯ ತಿದ್ದುಪಡಿ ನಿಯಮಗಳು ಅದನ್ನು ಮೂರು ವರ್ಷಕ್ಕೊಮ್ಮೆ ಮಾಡಿದವು. 2025ರ ಜುಲೈ 24ರಂದು ಇಂಗ್ಲಂಡಿನೊಡನೆ ಆದ ವ್ಯಾಪಾರ ಒಪ್ಪಂದದಲ್ಲಿ, ಮದ್ದು ಒದಗಿಸಲು ಕಂಪನಿಗಳು ತಾವಾಗಿ ಒಪ್ಪುವ ದಾರಿಯೇ ಮೇಲು ಎಂಬರ್ಥದ ಮಾತಿಗೆ ನಮ್ಮ ಸರಕಾರ ಸಹಿ ಹಾಕಿತು. ಎಲ್ಲವೂ ಸಣ್ಣ ಅಕ್ಷರದ ಬದಲಾವಣೆಗಳು. ಪೇಟೆಯಲ್ಲಿ ತೂಕದ ಕಲ್ಲಿನ ತಳ ಕೆರೆಯುವವನೂ ಸಣ್ಣದಾಗಿಯೇ ಕೆರೆಯುತ್ತಾನೆ.

ಇದರ ಪರಿಣಾಮ ದಿಲ್ಲಿಯಲ್ಲಿ ಕಾಣುವುದಿಲ್ಲ, ಹಳ್ಳಿಯಲ್ಲಿ ಕಾಣುತ್ತದೆ. ನವಲಗುಂದದ ಒಕ್ಕಲಿಗ ಹೆಸರು ಮಾರಿ, ಕುಂದಗೋಳದವನು ಮೆಣಸಿನಕಾಯಿ ಮಾರಿ ತಂದ ದುಡ್ಡು ಮನೆ ಸೇರುವ ಮೊದಲು ಔಷಧದ ಅಂಗಡಿ ಸೇರುತ್ತದೆ. ಆಸ್ಪತ್ರೆಯಲ್ಲಿ ಮಲಗಿದರೆ ಸರಕಾರದ ಕಾರ್ಡು ನಡೆದೀತು. ಮನೆಯಲ್ಲಿ ಕುಳಿತು ವರ್ಷಗಟ್ಟಲೆ ನುಂಗುವ ಗುಳಿಗೆಗೆ ಬಹುಮಟ್ಟಿಗೆ ಕೈಯ ದುಡ್ಡೇ ಗತಿ. ಗಿರಣಿಯ ಕಾರ್ಮಿಕನಿಗೆ ಇ.ಎಸ್.ಐ. ಎಂಬ ಆಸರೆಯಾದರೂ ಉಂಟು. ಅಂಗಡಿ ಇಟ್ಟ ಸಣ್ಣ ವ್ಯಾಪಾರಿಗೆ ಅದೂ ಇಲ್ಲ. ಒಂದು ದೊಡ್ಡ ಕಾಯಿಲೆ ಬಂದರೆ ಅಂಗಡಿಯ ಬಂಡವಾಳವೇ ಮಾತ್ರೆಯಾಗಿ ಕರಗುತ್ತದೆ. ಲೋಕಕ್ಕೆ ಅಗ್ಗದ ಮದ್ದು ಕಳಿಸುವ ದೇಶದಲ್ಲಿಯೇ ಈ ಗತಿ. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದಕ್ಕೇ.

ಇನ್ನು ನಮ್ಮ ಚಿತ್ರರಂಗ. ಚೀನದ ಕಳ್ಳಸಾಗಣೆಗಾರ ಮದ್ದು ತಂದ 2018ರಲ್ಲಿಯೇ, ಡಿಸೆಂಬರಿನಲ್ಲಿ, ನಮ್ಮ ‘ಕೆ.ಜಿ.ಎಫ್.’ ಚಿತ್ರ ದೇಶವನ್ನೆಲ್ಲ ಗೆದ್ದಿತು. ಅದರ ನಾಯಕನೂ ಕಳ್ಳಸಾಗಣೆಯ ಲೋಕದವನೇ, ಅವನ ಕಣ್ಣು ಚಿನ್ನದ ಮೇಲೆ. ಆ ಚಿತ್ರದ ಕಸುಬುಗಾರಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅದರಲ್ಲಿ ಗಣಿಯ ಗುಲಾಮರ ಗೋಳೂ ಇದೆ. ಆದರೆ ಅಲ್ಲಿ ಜನ ಒಬ್ಬ ವೀರನ ದಾರಿ ಕಾಯುತ್ತಾರೆ, ಚೀನದ ಚಿತ್ರದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಜನರ ಮುಖ ನೋಡಿ ಬದಲಾಗುತ್ತಾನೆ. ನಿಜವಾದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರ ಮುಂದಿನ ಬಾಳು ಹೇಗೆ ಸಾಗಿತೆಂಬ ಕಥೆಗೆ ಆ ಚಿತ್ರದಲ್ಲಿ ಜಾಗ ಸಿಗಲಿಲ್ಲ.

ಜನ ಅಂಥದನ್ನು ನೋಡುವುದಿಲ್ಲ ಎಂದು ನಿರ್ಮಾಪಕರು ಹೇಳುವುದುಂಟು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜಕುಮಾರರು ನೇಗಿಲು ಹಿಡಿದರು. ಆ ಚಿತ್ರ ನೋಡಿ ಹಳ್ಳಿಗೆ ಮರಳಿದವರ ಕಥೆಗಳನ್ನು ನಾಡು ಇಂದಿಗೂ ಹೇಳುತ್ತದೆ. ಬೇಸಾಯದ ಕಥೆಗೆ ಅಂದು ಜನ ಬಂದರು. ಮದ್ದಿನ ಬೆಲೆಯ ಕಥೆಗೆ ಇಂದು ಏಕೆ ಬಾರರು? ಚೀನದ 310 ಕೋಟಿ ಯುವಾನು ಇದಕ್ಕೆ ಉತ್ತರ.

ಇನ್ನೊಂದು ಮಾತು ಭಾಷೆಯದು. ನಮ್ಮ ಕುಸ್ತಿಯ ಹೆಣ್ಣುಮಕ್ಕಳ ‘ದಂಗಲ್’ ಚಿತ್ರವನ್ನು 2017ರಲ್ಲಿ ಚೀನದ ಜನ ನೋಡಿ ಸುಮಾರು 130 ಕೋಟಿ ಯುವಾನು ಕೊಟ್ಟರು. ಅವರ ಚಿತ್ರ ನಮ್ಮ ಅಣ್ಣಿಗೇರಿಗೆ ಬರುವುದೆಂತು? ಪರಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೊಡಬಾರದೆಂಬ ಕಟ್ಟು ದಶಕಗಳ ಕಾಲ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿತು. 2017ರಿಂದ ದನಿ ಬದಲಿಸಿದ ಚಿತ್ರಗಳು ಮತ್ತೆ ಬರತೊಡಗಿದವು. ಚಿತ್ರರಂಗದ ಕಾರ್ಮಿಕರ ಹೊಟ್ಟೆಯ ಭಯ ಸುಳ್ಳಲ್ಲ, ಅದನ್ನು ನಾವು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ದನಿ ಕೊಡುವುದೂ ಕನ್ನಡದ ಕೆಲಸವೇ, ಕನ್ನಡಿಗರ ಕೂಲಿಯೇ. ಹೊಡೆದಾಟದ ಚಿತ್ರಕ್ಕೆ ಸಿಗುವ ಕನ್ನಡದ ದನಿ ಮದ್ದಿನ ಚಿತ್ರಕ್ಕೂ ಸಿಗಲಿ. ಇಂಗ್ಲಿಷ್ ಓದಬಲ್ಲ ನಾಲ್ಕು ಜನ ನೋಡಿ ಬರೆದರೆ ಸಾಲದು, ಚೀಟಿ ಕಟ್ಟಿಕೊಂಡ ಆ ಮುದುಕಿಯೂ ನೋಡಬೇಕು.

ನಮ್ಮ ಬೇಡಿಕೆ ಸರಳವಾದುದು. ಪೇಟೆಂಟ್ ಕಾಯಿದೆಯ 3ನೆಯ ಕಲಮನ್ನು ಯಾವ ಒಪ್ಪಂದಕ್ಕೂ ಒತ್ತೆ ಇಡಬಾರದು. ಕಂಪನಿಗಳ ಲೆಕ್ಕವನ್ನು ಮತ್ತೆ ವರ್ಷಕ್ಕೊಮ್ಮೆ ಕೇಳಬೇಕು. ಕಡ್ಡಾಯ ಪರವಾನಗಿಯ ಅಸ್ತ್ರವನ್ನು ಹೊರತೆಗೆಯಬೇಕು. ದಿನವೂ ನುಂಗುವ ಮದ್ದು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕು. ಇವನ್ನು ಯಾವ ಚಿತ್ರವೂ ತಂದುಕೊಡಲಾರದು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನೀರಾವರಿಯ ಕರದ ವಿರುದ್ಧ ರೈತರು ಎದ್ದು ನಿಂತು ಗುಂಡಿಗೆ ಎದೆ ಕೊಟ್ಟರು. ರಾಜ್ಯದ ರೈತ ಚಳವಳಿ ಬೆಳೆದದ್ದು ಆ ನೆಲದಿಂದ. ಎದ್ದು ನಿಲ್ಲುವುದು ಹೇಗೆಂದು ಈ ಸೀಮೆಗೆ ಚೀನದವರು ಕಲಿಸಬೇಕಾಗಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮಲ್ಲಿ ಗಾದೆ. ನಮ್ಮ ಹಿತ್ತಲ ಗಿಡ ಎಂಥ ಮದ್ದೆಂಬುದನ್ನು ನೆರೆಮನೆಯವರು ಬೆಳ್ಳಿತೆರೆಯ ಮೇಲೆ ಬರೆದು ತೋರಿಸಿದ್ದಾರೆ. ಅದರ ಬೇರಿಗೆ ಕೊಡಲಿ ಹಾಕುವ ಕೈಗಳನ್ನು ತಡೆಯುವುದು ಇನ್ನು ನಮ್ಮ ಕೆಲಸ.